‘ಸುಧಾರಣೆ’ಗೆ ಇಂಗ್ಲಿಷಿನಲ್ಲಿ ಯಾವ ಪದ?

ಪ್ರಶ್ನೆ: ದಾವಣಗೆರೆಯ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ವರದಿ ಬರೆಯುವ ಕೆಲಸ ನನ್ನದು. ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಶಾಲೆ, ಕೆರೆ, ಹೆಣ್ಣುಮಕ್ಕಳ ಆರೋಗ್ಯ ಇವುಗಳ ಕೆಲಸ ನಡೆಯುತ್ತದೆ. ಹಣ ಕೊಡುವವರಿಗೆ ವರದಿ ಇಂಗ್ಲಿಷಿನಲ್ಲೇ ಹೋಗಬೇಕು. ಮೊದಲು ಎಲ್ಲ ಕಡೆಯೂ ‘ಇಂಪ್ರೂವ್’ ಎಂದೇ ಬರೆದಿದ್ದೆ. ಒಂದೇ ಪದ ಎಷ್ಟು ಸಲ ಬರೆಯುತ್ತೀರಿ ಎಂದು ಮೇಲಿನವರು ಕೇಳಿದರು. ನಿಘಂಟು ನೋಡಿ ಎನ್‌ಹಾನ್ಸ್, ಡೆವಲಪ್, ಪ್ರೋಗ್ರೆಸ್ ಎಂದೆಲ್ಲ ಬದಲಾಯಿಸಿದೆ. ಈಗ ‘ಇದು ಸರಿಯಾದ ಇಂಗ್ಲಿಷ್ ಅಲ್ಲ’ ಎಂದು ವಾಪಸ್ ಬಂದಿದೆ. ಯಾವ ಪದ ಎಲ್ಲಿಗೆ? ತಕರಾರಿನ ಐದು ವಾಕ್ಯಗಳು ಇವು: ‘ದಿ ಸ್ಟೂಡೆಂಟ್ಸ್ ಇಂಗ್ಲಿಷ್ ಹ್ಯಾಸ್ ಎನ್‌ಹಾನ್ಸ್ಡ್.’ ‘ವಿ ಇಂಪ್ರೂವ್ಡ್ ದಿ ವಾಟರ್ ಪ್ರಾಬ್ಲಮ್ ಇನ್ ತ್ರೀ ವಿಲೇಜಸ್.’ ‘ದಿ ಟ್ಯಾಂಕ್ ವಾಸ್ ಡೆವಲಪ್ಡ್.’ ‘ಪಾಸ್ ಪರ್ಸೆಂಟೇಜ್ ಇಂಪ್ರೂವ್ಡ್ ಬೈ 12 ಪರ್ಸೆಂಟ್.’ (60 ಇದ್ದದ್ದು 72 ಆಗಿದೆ.) ‘ದೇರ್ ಈಸ್ ಎ ಗುಡ್ ಪ್ರೋಗ್ರೆಸ್ ಇನ್ ಅನೀಮಿಯಾ ಅಮಂಗ್ ವಿಮೆನ್.’

ಉತ್ತರ: ನಿಮ್ಮ ಮೊದಲ ಕರಡೇ ಎರಡನೆಯದಕ್ಕಿಂತ ಮೇಲಿತ್ತು ಎನ್ನಬೇಕು. ಒಂದೇ ಪದ ಏಳೆಂಟು ಸಲ ಬಂದರೆ ಓದುವವರಿಗೆ ಬೇಸರವಾಗಬಹುದು, ಅರ್ಥ ಕೆಡುವುದಿಲ್ಲ. ನಿಘಂಟಿನಲ್ಲಿ ಪಕ್ಕಪಕ್ಕ ಕೂತ ಪದಗಳನ್ನು ಒಂದರ ಜಾಗಕ್ಕೆ ಇನ್ನೊಂದು ಎಂದು ಹಾಕಿದಾಗ ಅರ್ಥವೇ ಕೆಡುತ್ತದೆ.

ತೊಡಕಿನ ಮೂಲ ಕನ್ನಡದ ಪದದ ಅಗಲದಲ್ಲಿದೆ. ಜ್ವರ ಬಂದವರು ಸುಧಾರಿಸಿಕೊಳ್ಳುತ್ತಾರೆ, ಪುಂಡ ಹುಡುಗ ಸುಧಾರಿಸುತ್ತಾನೆ, ರಸ್ತೆ ಸುಧಾರಣೆ ಆಗುತ್ತದೆ, ಭೂ ಸುಧಾರಣೆ ಕಾಯ್ದೆ ಬರುತ್ತದೆ. ದುರ್ಗದ ಕೋಟೆ ಹತ್ತಿ ಏದುಸಿರು ಬಿಡುವವರಿಗೂ ‘ಸ್ವಲ್ಪ ಸುಧಾರಿಸಿಕೊಳ್ಳಿ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಈ ಐದಕ್ಕೂ ಒಂದೇ ಪದ ಹೊಂದುವುದಿಲ್ಲ. ಆದ್ದರಿಂದ ಕನ್ನಡ ಪದ ಹಿಡಿದು ಇಂಗ್ಲಿಷ್ ಪದ ಹುಡುಕಬೇಡಿ. ಆ ವಸ್ತು ಮೊದಲು ಹೇಗಿತ್ತು ಎಂದು ಕೇಳಿಕೊಳ್ಳಿ. ಇಂಗ್ಲಿಷಿನ ಈ ಪದಗಳಲ್ಲಿ ಹೆಚ್ಚಿನವು ಹಿಂದಿನ ಸ್ಥಿತಿ ಹೇಗಿತ್ತೆಂಬುದನ್ನು ತಮ್ಮೊಳಗೇ ಇಟ್ಟುಕೊಂಡಿವೆ. ಬರೆಯುವವರು ಅದನ್ನು ಗಮನಿಸದಿದ್ದರೂ ಓದುವವರು ಗಮನಿಸುತ್ತಾರೆ.

ಕೆಟ್ಟು ನಿಂತದ್ದನ್ನು ಸರಿ ಮಾಡಿದರೆ ರಿಪೇರ್, ಫಿಕ್ಸ್. ತಪ್ಪು ಅಥವಾ ದೋಷವನ್ನು ತಿದ್ದಿದರೆ ಕರೆಕ್ಟ್, ರೆಕ್ಟಿಫೈ. ಮೊದಲಿನ ಒಳ್ಳೆಯ ಸ್ಥಿತಿಗೆ ಮರಳಿಸಿದರೆ ರಿಸ್ಟೋರ್. ಪರವಾಗಿಲ್ಲ ಎನ್ನುವಂತಿದ್ದದ್ದು ಇನ್ನೂ ಚೆನ್ನಾದರೆ ಇಂಪ್ರೂವ್. ಚೆನ್ನಾಗಿಯೇ ಇದ್ದದ್ದಕ್ಕೆ ಇನ್ನಷ್ಟು ಮೆರುಗು ಬಂದರೆ ಎನ್‌ಹಾನ್ಸ್, ಸಣ್ಣಪುಟ್ಟ ಒರಟು ತೆಗೆದರೆ ರಿಫೈನ್. ಇರಲೇ ಇಲ್ಲ ಅಥವಾ ಮೊಳಕೆಯಷ್ಟಿತ್ತು, ಅದನ್ನು ಬೆಳೆಸಿದರೆ ಡೆವಲಪ್. ಬಾಗಿಲೂ ನೀರೂ ಇಲ್ಲದ ಶಾಲಾ ಶೌಚಾಲಯಕ್ಕೆ ಬಾಗಿಲು ಹಾಕಿಸಿ, ನಲ್ಲಿ ಕೂಡಿಸಿ ‘ವಿ ಎನ್‌ಹಾನ್ಸ್ಡ್ ದಿ ಟಾಯ್ಲೆಟ್ಸ್’ ಎಂದು ಬರೆದರೆ, ಮೊದಲೇ ಚೆನ್ನಾಗಿದ್ದ ಶೌಚಾಲಯಕ್ಕೆ ಇವರು ಇನ್ನೇನು ಅಲಂಕಾರ ಮಾಡಿದರು ಎಂದು ಹಣ ಕೊಟ್ಟವರು ಕೇಳುತ್ತಾರೆ. ನೀವು ಪಟ್ಟ ಶ್ರಮವನ್ನು ನಿಮ್ಮ ಪದವೇ ಮುಚ್ಚಿಹಾಕಿತು.

ಸರ್ಕಾರಿ ದಾಖಲೆಗಳಲ್ಲೂ ಈ ಲೆಕ್ಕ ಇದೆ. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯ 20 ನಗರಗಳಲ್ಲಿ ದಾವಣಗೆರೆಯೂ ಇತ್ತಲ್ಲ, ಆ ಯೋಜನೆಯ ಮಾರ್ಗಸೂಚಿಯಲ್ಲಿ ಪ್ರದೇಶ ಅಭಿವೃದ್ಧಿಗೆ ಮೂರು ಬೇರೆ ಹೆಸರುಗಳಿವೆ. ಇರುವ ಕಟ್ಟಡ, ಬೀದಿಗಳನ್ನು ಬಹುಮಟ್ಟಿಗೆ ಹಾಗೆಯೇ ಇಟ್ಟುಕೊಂಡು ಸೌಲಭ್ಯ ಸೇರಿಸುವುದು ‘ರೆಟ್ರೋಫಿಟಿಂಗ್’. ಇದಕ್ಕೆ 500 ಎಕರೆಗಿಂತ ಹೆಚ್ಚು ಪ್ರದೇಶ ಇರಬೇಕಿತ್ತು. ಇರುವುದನ್ನು ತೆಗೆದು ಹೊಸದಾಗಿ ಕಟ್ಟುವುದು ‘ರೀಡೆವಲಪ್‌ಮೆಂಟ್’, 50 ಎಕರೆ ಮೇಲ್ಪಟ್ಟು. ಖಾಲಿ ಜಾಗದಲ್ಲಿ ಮೊದಲಿನಿಂದ ಕಟ್ಟುವುದು ‘ಗ್ರೀನ್‌ಫೀಲ್ಡ್’, 250 ಎಕರೆ ಮೇಲ್ಪಟ್ಟು. ಕನ್ನಡ ಪತ್ರಿಕೆಗಳಲ್ಲಿ ಮೂರೂ ‘ಅಭಿವೃದ್ಧಿ’ಯೇ. ಮಾರ್ಗಸೂಚಿ ಮಾತ್ರ ನೆಲದ ಮೇಲೆ ಮೊದಲು ಏನಿತ್ತು ಎಂಬುದರ ಮೇಲೆ ಹೆಸರು ಹಂಚಿದೆ.

ಈಗ ಹೆಚ್ಚು ಎಡವುವ ಜೋಡಿ, ಇಂಪ್ರೂವ್ ಮತ್ತು ಎನ್‌ಹಾನ್ಸ್. ಮೊದಲ ವ್ಯತ್ಯಾಸ ವ್ಯಾಕರಣದ್ದು. ‘ಇಂಪ್ರೂವ್’ ತಾನೇ ಆಗುವುದಕ್ಕೂ ನಡೆಯುತ್ತದೆ, ಯಾರೋ ಮಾಡುವುದಕ್ಕೂ ನಡೆಯುತ್ತದೆ. ‘ಹರ್ ರೀಡಿಂಗ್ ಇಂಪ್ರೂವ್ಡ್’ ಸರಿ, ‘ದಿ ಟೀಚರ್ ಇಂಪ್ರೂವ್ಡ್ ಹರ್ ರೀಡಿಂಗ್’ ಕೂಡ ಸರಿ. ಕನ್ನಡದಲ್ಲಿ ‘ಸುಧಾರಿಸಿತು’, ‘ಸುಧಾರಿಸಿದರು’ ಎರಡೂ ನಡೆಯುವ ಹಾಗೆ. ‘ಎನ್‌ಹಾನ್ಸ್’ಗೆ ಆ ಸಲುಗೆ ಇಲ್ಲ. ಅದು ಸಕರ್ಮಕ, ಮಾಡುವವರು ಅಥವಾ ಮಾಡುವ ವಸ್ತು ಒಂದು ಕಡೆ, ಆಗಿಸಿಕೊಳ್ಳುವ ಗುಣ ಇನ್ನೊಂದು ಕಡೆ ಇರಲೇಬೇಕು. ನಿಮ್ಮ ಮೊದಲ ವಾಕ್ಯ ಬಿದ್ದದ್ದು ಇಲ್ಲಿಯೇ.

ಎರಡನೆಯ ವ್ಯತ್ಯಾಸ, ಅದು ಯಾವುದಕ್ಕೆ ಅಂಟಿಕೊಳ್ಳುತ್ತದೆ ಎಂಬುದು. ‘ಎನ್‌ಹಾನ್ಸ್’ ಗುಣಗಳಿಗೆ ಒಗ್ಗುವ ಪದ. ರುಚಿ, ಅಂದ, ಹೆಸರು, ಮೌಲ್ಯ, ಭದ್ರತೆ, ಅನುಭವ ಇವುಗಳೊಡನೆ ಸಲೀಸಾಗಿ ಬರುತ್ತದೆ. ಬೆಣ್ಣೆ ದೋಸೆಯ ಬೆಣ್ಣೆ ‘ಎನ್‌ಹಾನ್ಸಸ್ ದಿ ಫ್ಲೇವರ್’. ಹಿಟ್ಟೇ ಹುಳಿ ಬಂದು ಕೆಟ್ಟಿದ್ದರೆ ಬೆಣ್ಣೆ ಅದನ್ನು ಎನ್‌ಹಾನ್ಸ್ ಮಾಡಲಾರದು. ಮನುಷ್ಯರನ್ನು ನೇರವಾಗಿ ಎನ್‌ಹಾನ್ಸ್ ಮಾಡುವುದೂ ಇಲ್ಲ. ‘ವಿ ಎನ್‌ಹಾನ್ಸ್ಡ್ ದಿ ಟೀಚರ್ಸ್’ ಎಂದರೆ ನಗೆಪಾಟಲು. ಅವರ ಕೌಶಲ, ಸಾಮರ್ಥ್ಯ ಎಂದು ನಡುವೆ ಒಂದು ಗುಣವಾಚಿ ನಾಮಪದ ಬೇಕು.

ನಮ್ಮ ಕಚೇರಿ ಇಂಗ್ಲಿಷಿನಲ್ಲಿ ಮಾತ್ರ ‘ಎನ್‌ಹಾನ್ಸ್’ಗೆ ‘ಮೊತ್ತ ಹೆಚ್ಚಿಸು’ ಎಂಬ ಅರ್ಥ ಗಟ್ಟಿಯಾಗಿ ಉಳಿದಿದೆ. ಜಮೀನು ಸ್ವಾಧೀನದ ಪ್ರಕರಣದಲ್ಲಿ ನ್ಯಾಯಾಲಯ ಪರಿಹಾರ ಏರಿಸಿದರೆ ‘ಎನ್‌ಹಾನ್ಸ್ಡ್ ಕಾಂಪೆನ್‌ಸೇಷನ್’. ಪಿಂಚಣಿ ಏರಿದರೆ, ಶಿಕ್ಷೆಯ ಅವಧಿ ಏರಿದರೆ ಇದೇ ಪದ. ಇದು ತಪ್ಪಲ್ಲ. ಆ ಪದದ ಲ್ಯಾಟಿನ್ ಬೇರಿನ ಅರ್ಥವೇ ‘ಎತ್ತರ’. ಕಾನೂನಿನ ಭಾಷೆ ಹಳೆಯ ಅರ್ಥವನ್ನು ಬಿಡದೆ ಹಿಡಿದುಕೊಂಡಿದೆ, ಅಷ್ಟೆ. ಆದರೆ ಹೊರದೇಶದವರು ಓದುವ ವರದಿಯಲ್ಲಿ ‘ಸ್ಟೈಪೆಂಡ್ ವಾಸ್ ಎನ್‌ಹಾನ್ಸ್ಡ್’ ಎನ್ನುವ ಬದಲು ‘ರೇಸ್ಡ್’ ಅಥವಾ ‘ಇನ್‌ಕ್ರೀಸ್ಡ್’ ಎಂದರೆ ಯಾರೂ ತಡವರಿಸುವುದಿಲ್ಲ.

‘ಡೆವಲಪ್’ ಪದವನ್ನು ನಾವು ಅತಿಯಾಗಿ ಬಳಸುತ್ತೇವೆ. ‘ಇಂಗ್ಲಿಷ್ ಡೆವಲಪ್ ಮಾಡ್ಕೋಬೇಕು’ ಎಂದು ಕಾಲೇಜು ಹುಡುಗರ ಬಾಯಲ್ಲಿ ದಿನಾ ಕೇಳುವ ಮಾತು. ಇಂಗ್ಲಿಷಿನಲ್ಲಿ ಅದು ‘ಇಂಪ್ರೂವ್ ಮೈ ಇಂಗ್ಲಿಷ್’. ಒಮ್ಮೆ ಬರುತ್ತಿದ್ದು, ಬಳಸದೆ ತುಕ್ಕು ಹಿಡಿದಿದ್ದರೆ ‘ಬ್ರಷ್ ಅಪ್’. ಓದುವ ಅಭ್ಯಾಸವನ್ನು, ಆಸಕ್ತಿಯನ್ನು, ಹೊಸ ಕೌಶಲವನ್ನು ಡೆವಲಪ್ ಮಾಡಬಹುದು, ಏಕೆಂದರೆ ಅವು ಇಲ್ಲದ್ದರಿಂದ ಹುಟ್ಟಿ ನಿಧಾನಕ್ಕೆ ಬೆಳೆಯುವಂಥವು. ಇನ್ನೊಂದು ಎಚ್ಚರ: ಈ ಪದದಲ್ಲಿ ಒಳಿತು ಇದ್ದೇ ಇರುತ್ತದೆ ಎಂದೇನಿಲ್ಲ. ಗೋಡೆ ಬಿರುಕನ್ನು ಡೆವಲಪ್ ಮಾಡಿಕೊಳ್ಳುತ್ತದೆ, ರೋಗಿ ಜ್ವರವನ್ನು, ಮೋಟರು ದೋಷವನ್ನು. ‘ದಿ ಬಂಡ್ ಡೆವಲಪ್ಡ್ ಎ ಲೀಕ್’ ಎಂದರೆ ಏರಿಯಲ್ಲಿ ನೀರು ಸೋರಲು ಶುರುವಾಯಿತು ಎಂದು. ಪದ ಹೇಳುವುದು ಕ್ರಮೇಣ ಮೂಡಿತು ಎಂಬುದನ್ನಷ್ಟೇ.

‘ಅಪ್‌ಗ್ರೇಡ್’ಗೆ ದರ್ಜೆ ಬೇಕು, ಅಂದರೆ ಹತ್ತಬಹುದಾದ ಮೆಟ್ಟಿಲು ಇರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರ ಸಮುದಾಯ ಆರೋಗ್ಯ ಕೇಂದ್ರವಾದರೆ, ಪ್ರೌಢಶಾಲೆಗೆ ಪಿಯು ಸೇರಿದರೆ, ರಾಜ್ಯ ಹೆದ್ದಾರಿ ರಾಷ್ಟ್ರೀಯ ಹೆದ್ದಾರಿಯಾದರೆ ಅಪ್‌ಗ್ರೇಡ್. ಕಂಪ್ಯೂಟರು, ಪಂಪ್‌ಸೆಟ್ಟಿಗೂ ಸರಿ. ಮಕ್ಕಳಿಗೆ, ನೀರಿಗೆ, ಮಣ್ಣಿಗೆ ಹೊಂದದು. ‘ಅಪ್‌ಗ್ರೇಡೇಷನ್’ ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತು. ಹೊರಗಿನವರಿಗೆ ಬರೆಯುವಾಗ ನಾಮಪದವಾಗಿಯೂ ‘ಅಪ್‌ಗ್ರೇಡ್’ ಎಂದೇ ಇಡಿ. ಉಚ್ಚರಿಸುವಾಗ ನಾಮಪದದಲ್ಲಿ ಒತ್ತು ‘ಅಪ್’ ಮೇಲೆ, ಕ್ರಿಯಾಪದದಲ್ಲಿ ‘ಗ್ರೇಡ್’ ಮೇಲೆ.

‘ರಿಫೈನ್’, ‘ಹೋನ್’, ‘ಫೈನ್ ಟ್ಯೂನ್’ ಇವು ಆಗಲೇ ಕೆಲಸಕ್ಕೆ ಬರುತ್ತಿರುವುದನ್ನು ಇನ್ನಷ್ಟು ನಯ ಮಾಡುವಂಥವು. ಚಳ್ಳಕೆರೆ ಕಡೆ ಶೇಂಗಾ ಎಣ್ಣೆ ಕಂಡವರಿಗೆ ‘ರಿಫೈನ್’ ಬಿಡಿಸಿ ಹೇಳಬೇಕಿಲ್ಲ: ಎಣ್ಣೆ ಎಣ್ಣೆಯೇ, ಕಶ್ಮಲ ಹೋಗಿರುತ್ತದೆ. ಕರಡನ್ನು, ವಿಧಾನವನ್ನು, ಪ್ರಶ್ನಾವಳಿಯನ್ನು ರಿಫೈನ್ ಮಾಡುವುದೂ ಹಾಗೆಯೇ. ‘ಆಪ್ಟಿಮೈಸ್’ ಎಂದರೆ ಇರುವ ಮಿತಿಯೊಳಗೆ ಸಾಧ್ಯವಾದ ಅತ್ಯುತ್ತಮಕ್ಕೆ ತರುವುದು. ಸುಮ್ಮನೆ ‘ಚೆನ್ನಾಗಿ ಮಾಡಿದೆವು’ ಎಂಬುದಕ್ಕೆ ಆ ಪದ ಹಾಕಿದರೆ, ಯಾವ ಅಳತೆಯಲ್ಲಿ ಎಂದು ಕೇಳುತ್ತಾರೆ.

ಇನ್ನು ನಿಮ್ಮ ಎರಡನೇ ವಾಕ್ಯದ ತಪ್ಪು. ನಮ್ಮ ಕಡೆಯ ವರದಿಗಳಲ್ಲಿ ಇದೇ ಅತಿ ಹೆಚ್ಚು ಕಾಣುವುದು. ‘ಇಂಪ್ರೂವ್’ ಪದದ ಕರ್ಮ ಒಳ್ಳೆಯದೋ ತಟಸ್ಥವೋ ಆದ ವಸ್ತುವಾಗಿರಬೇಕು: ಗುಣಮಟ್ಟ, ಸೇವೆ, ಆರೋಗ್ಯ, ಪರಿಸ್ಥಿತಿ, ನೀರು ಪೂರೈಕೆ. ಸಮಸ್ಯೆ, ತಪ್ಪು, ಬಡತನ, ರೋಗ, ನೋವು, ಕೊರತೆ ಇವನ್ನು ಇಂಪ್ರೂವ್ ಮಾಡಿದರೆ ಸಮಸ್ಯೆಯನ್ನೇ ಇನ್ನೂ ಚೆನ್ನಾಗಿ ಬೆಳೆಸಿದಂತೆ ಕೇಳುತ್ತದೆ. ಕನ್ನಡದಲ್ಲಿ ‘ನೀರಿನ ಸಮಸ್ಯೆ ಈಗ ಸುಧಾರಿಸಿದೆ’ ಎನ್ನುವುದು ರೂಢಿ, ಅದನ್ನೇ ಇಂಗ್ಲಿಷಿಗೆ ಎತ್ತಿಟ್ಟಾಗ ಎಡವಟ್ಟು. ಕೆಟ್ಟದ್ದನ್ನು ಕುರಿತು ಬರೆಯುವಾಗ ಕಡಿಮೆಯಾಗುವ ಕ್ರಿಯಾಪದ ಹಾಕಬೇಕು. ಸಮಸ್ಯೆ ಪೂರ್ತಿ ಬಗೆಹರಿದರೆ ‘ಸಾಲ್ವ್’, ಸ್ವಲ್ಪ ಸಡಿಲವಾದರೆ ‘ಈಸ್’. ನೋವಿಗೆ, ಬಡತನಕ್ಕೆ ‘ಅಲೀವಿಯೇಟ್’ ಅಥವಾ ಸರಳವಾಗಿ ‘ರೆಡ್ಯೂಸ್’. ತಪ್ಪಿಗೆ ‘ಕರೆಕ್ಟ್’. ದೌರ್ಬಲ್ಯಕ್ಕೆ ‘ಓವರ್‌ಕಮ್’. ‘ಅಮೀಲಿಯರೇಟ್’ ಎಂಬ ಭಾರಿ ಪದ ಕೆಟ್ಟ ಪರಿಸ್ಥಿತಿಗಳಿಗೆ ಮಾತ್ರ ಮೀಸಲು, ಚೆನ್ನಾಗಿದ್ದದ್ದಕ್ಕೆ ಬಳಸಬಾರದು. ಹಳ್ಳಿ ಕೆಲಸದ ವರದಿಗೆ ಅದರ ಅಗತ್ಯವೂ ಇಲ್ಲ ಎಂಬುದು ನಮ್ಮ ಅಭಿಪ್ರಾಯ.

ಜಮೀನಿನ ವಿಷಯಕ್ಕೆ ಬಂದರೆ ಕನ್ನಡದ ಒಂದು ಪದ ಇಂಗ್ಲಿಷಿನಲ್ಲಿ ನಾಲ್ಕು ದಾರಿಗೆ ಒಡೆಯುತ್ತದೆ, ತಪ್ಪು ದಾರಿ ಹಿಡಿದರೆ ಇಡೀ ವರದಿಯ ವಿಷಯವೇ ಬದಲಾಗುತ್ತದೆ. ‘ಭೂ ಸುಧಾರಣೆ’ ಎಂದಾಗ ನಮಗೆ ತಟ್ಟನೆ ನೆನಪಾಗುವುದು ಉಳುವವನಿಗೆ ಒಡೆತನ ಕೊಟ್ಟ ಕಾನೂನು, 1961ರ ಕಾಯ್ದೆಗೆ ತಂದು 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿ. ಇಂಗ್ಲಿಷಿನಲ್ಲಿ ಅದು ‘ಲ್ಯಾಂಡ್ ರಿಫಾರ್ಮ್ಸ್’. ‘ರಿಫಾರ್ಮ್’ ಯಾವಾಗಲೂ ವ್ಯವಸ್ಥೆಗೆ, ಕಾನೂನಿಗೆ, ಸಂಸ್ಥೆಗೆ ಅಥವಾ ಕೆಟ್ಟ ದಾರಿ ಹಿಡಿದ ಮನುಷ್ಯನಿಗೆ ಸಂಬಂಧಿಸಿದ್ದು, ಮಣ್ಣಿಗಲ್ಲ. ಹೊಲ ಮಟ್ಟ ಮಾಡಿ ಬದು ಹಾಕಿದರೆ ‘ಲ್ಯಾಂಡ್ ಡೆವಲಪ್‌ಮೆಂಟ್’. ಭದ್ರಾ ಅಚ್ಚುಕಟ್ಟಿನಂಥ ಕಡೆ ಸವಳು, ಜವಳು ಹಿಡಿದ ಭೂಮಿಯಲ್ಲಿ ಬಸಿಗಾಲುವೆ ತೆಗೆದು ಮತ್ತೆ ಬೆಳೆಗೆ ತಂದರೆ ‘ರಿಕ್ಲಮೇಷನ್’. ಕೈತಪ್ಪಿ ಹೋದದ್ದನ್ನು ಮರಳಿ ಪಡೆದ ಅರ್ಥ ಅದರಲ್ಲಿದೆ. ಸಾವಯವ ಗೊಬ್ಬರ ಹಾಕಿ ಮಣ್ಣಿನ ಸಾರ ಹೆಚ್ಚಿಸಿದರೆ ‘ಎನ್‌ರಿಚ್’ ಅಥವಾ ‘ಇಂಪ್ರೂವ್ ದಿ ಸಾಯಿಲ್’. ಜಗಳೂರಿನ ಮಳೆಯಾಶ್ರಿತ ಹೊಲಕ್ಕೆ ಬದು ಹಾಕಿಸಿದ್ದನ್ನು ‘ಲ್ಯಾಂಡ್ ರಿಫಾರ್ಮ್’ ಎಂದು ಬರೆದರೆ, ನಿಮ್ಮ ಸಂಸ್ಥೆ ಭೂಮಿ ಹಂಚಿತು ಎಂದು ದೆಹಲಿಯಲ್ಲಿ ಕೂತವರು ತಿಳಿಯುತ್ತಾರೆ.

‘ಇಂಪ್ರೂವ್’ ಪದಕ್ಕೂ ನೆಲದ ನಂಟು ಹಳೆಯದು. ಅದರ ಮೂಲದಲ್ಲಿ ಇದ್ದದ್ದು ‘ಲಾಭಕ್ಕೆ ತಿರುಗಿಸು’ ಎಂಬ ಅರ್ಥ; ಜಮೀನನ್ನು ಲಾಭದಾಯಕ ಮಾಡುವುದಕ್ಕೆ ಇಂಗ್ಲೆಂಡಿನಲ್ಲಿ ಬಹಳ ಕಾಲ ಈ ಪದ ನಡೆಯಿತು. ಮೈಸೂರಿನಲ್ಲಿ 1903ರಲ್ಲಿ ಬಂದ ನಗರ ಯೋಜನಾ ಸಂಸ್ಥೆಯ ಹೆಸರು ‘ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್’. 1945ರಲ್ಲಿ ಬೆಂಗಳೂರಿಗೂ ಅದೇ ಹೆಸರಿನದು ಬಂತು, 1976ರಲ್ಲಿ ಅದರ ಜಾಗಕ್ಕೆ ಬಂದದ್ದು ‘ಡೆವಲಪ್‌ಮೆಂಟ್ ಅಥಾರಿಟಿ’. ಊರನ್ನು ಚೊಕ್ಕ ಮಾಡುವುದರಿಂದ ಹೊಸ ಬಡಾವಣೆ ಎಬ್ಬಿಸುವುದರ ಕಡೆಗೆ ಕೆಲಸ ಹೊರಳಿದ್ದು ಹೆಸರಿನಲ್ಲೂ ಕಾಣುತ್ತದೆ. ನಗರಸಭೆಗೆ ಕಟ್ಟುವ ‘ಬೆಟರ್‌ಮೆಂಟ್ ಚಾರ್ಜ್’ ಇದೇ ಕುಟುಂಬದ ಪದ. ಆದರೆ ‘ಬೆಟರ್‌ಮೆಂಟ್’ ಈಗ ತೆರಿಗೆ ಮತ್ತು ಭಾಷಣ ಎರಡರಲ್ಲಿ ಮಾತ್ರ ಉಸಿರಾಡುತ್ತಿದೆ. ‘ಫಾರ್ ದಿ ಬೆಟರ್‌ಮೆಂಟ್ ಆಫ್ ಸ್ಟೂಡೆಂಟ್ಸ್’ ಎಂದು ವರದಿಯಲ್ಲಿ ಬರೆಯದಿದ್ದರೆ ಏನೂ ಕಳೆದುಕೊಳ್ಳುವುದಿಲ್ಲ.

ಹಳೆಯ ಕಟ್ಟಡ, ಕೆರೆಗಳಿಗೆ ‘ರೀ’ ಎಂದು ಶುರುವಾಗುವ ಪದಗಳು ಸಾಲುಗಟ್ಟಿವೆ. ‘ರಿಸ್ಟೋರ್’ ಎಂದರೆ ಮೊದಲಿದ್ದ ರೂಪಕ್ಕೆ. ‘ರೆನೊವೇಟ್’ ಎಂದರೆ ಹೊಸದರಂತೆ; ಬಣ್ಣ, ಟೈಲ್ಸು, ಹೊಸ ವೈರಿಂಗು ಎಲ್ಲ ಬರಬಹುದು. ದುರ್ಗದ ಏಳುಸುತ್ತಿನ ಕೋಟೆಯಂಥ ಸಂರಕ್ಷಿತ ಸ್ಮಾರಕಕ್ಕೆ ‘ರೆನೊವೇಟ್’ ಎಂದು ಬರೆದರೆ ಪುರಾತತ್ವದವರು ಗಾಬರಿಯಾಗುತ್ತಾರೆ. ಅಲ್ಲಿ ಹೇಳಬೇಕಾದದ್ದು ‘ಕನ್ಸರ್ವ್’, ಇನ್ನಷ್ಟು ಹಾಳಾಗದಂತೆ ಕಾಯುವುದು. ದೇವಸ್ಥಾನದ ಜೀರ್ಣೋದ್ಧಾರಕ್ಕೆ, ನಿಜವಾಗಿ ಏನು ಮಾಡಿದರು ನೋಡಿ: ಬಿದ್ದ ಕಂಬವನ್ನು ಹಿಂದಿನಂತೆಯೇ ನಿಲ್ಲಿಸಿದ್ದರೆ ‘ರಿಸ್ಟೋರ್’, ಗ್ರಾನೈಟ್ ಹಾಸಿ ಕಾಂಕ್ರೀಟ್ ಮಂಟಪ ಕಟ್ಟಿದ್ದರೆ ‘ರೆನೊವೇಟ್’, ಕೆಡವಿ ಕಟ್ಟಿದ್ದರೆ ‘ರೀಬಿಲ್ಡ್’.

ಕೆರೆಗೆ ನಮ್ಮ ಇಲಾಖೆಗಳು ‘ರಿಜುವನೇಷನ್’ ಎನ್ನುತ್ತವೆ. ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಬೇರೆ ಕಡೆ ‘ರೆಸ್ಟೊರೇಷನ್’ ಹೆಚ್ಚು ಬಳಕೆ. ಆದರೆ ಇವೆರಡಕ್ಕಿಂತ ಒಳ್ಳೆಯ ದಾರಿ, ಮಾಡಿದ ಕೆಲಸವನ್ನೇ ಹೆಸರಿಸುವುದು. ಹೂಳೆತ್ತಿದರೆ ‘ಡೀಸಿಲ್ಟ್’, ಏರಿ ಗಟ್ಟಿ ಮಾಡಿದರೆ ‘ಸ್ಟ್ರೆಂತನ್ ದಿ ಬಂಡ್’, ತೂಬು ರಿಪೇರಿ ಮಾಡಿದರೆ ‘ರಿಪೇರ್ ದಿ ಸ್ಲೂಸ್’, ಕೋಡಿ ಸರಿಪಡಿಸಿದರೆ ‘ರಿಪೇರ್ ದಿ ವೇಸ್ಟ್ ವಿಯರ್’, ರಾಜಕಾಲುವೆಯ ಜಾಲಿ ಕಡಿಸಿದರೆ ‘ಕ್ಲಿಯರ್ ದಿ ಫೀಡರ್ ಚಾನೆಲ್’. ಎಂಜಿನಿಯರು ಓದಿದರೂ ಸೈ, ಬ್ಯಾಂಕಿನವರು ಓದಿದರೂ ಸೈ. ‘ಇಂಪ್ರೂವ್’ ಎಷ್ಟು ಸಲ ಬಂತು ಎಂಬ ನಿಮ್ಮ ಮೇಲಿನವರ ತಕರಾರಿಗೂ ಮದ್ದು ಇದೇ. ಪರ್ಯಾಯ ಪದ ಹುಡುಕುವುದು ಬಿಟ್ಟು ಕ್ರಿಯೆ ಹೇಳಿದರೆ ಆ ಪದದ ಅಗತ್ಯವೇ ಅರ್ಧಕ್ಕೆ ಇಳಿಯುತ್ತದೆ.

ಆರೋಗ್ಯದ ವರದಿಯಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಆಸ್ಪತ್ರೆಯಿಂದ ಬಿಡುವಾಗ ಚೀಟಿಯಲ್ಲಿ ‘ಇಂಪ್ರೂವ್ಡ್’ ಎಂದಿದ್ದರೆ ಬಂದಾಗಿನದಕ್ಕಿಂತ ಮೇಲು ಎಂದಷ್ಟೇ. ಪೂರ್ತಿ ಗುಣವಾದರೆ ‘ರಿಕವರ್ಡ್’ ಅಥವಾ ‘ಕ್ಯೂರ್ಡ್’. ‘ಸ್ಟೇಬಲ್’ ಎಂದರೆ ಸುಧಾರಿಸಿದೆ ಎಂದಲ್ಲ, ಏರುಪೇರಿಲ್ಲ ಎಂದು. ಐಸಿಯುದಲ್ಲಿ ಇರುವವರೂ ಸ್ಟೇಬಲ್ ಇರಬಹುದು. ಮನುಷ್ಯರು ಕಾಯಿಲೆಯಿಂದ ‘ರಿಕವರ್ ಫ್ರಮ್’, ಗಾಯ ‘ಹೀಲ್’ ಆಗುತ್ತದೆ, ವೈದ್ಯರು ರೋಗಿಯನ್ನು ಕಾಯಿಲೆ ‘ಆಫ್’ ಕ್ಯೂರ್ ಮಾಡುತ್ತಾರೆ, ಅಲ್ಲಿ ‘ಫ್ರಮ್’ ಬರದು. ‘ಶಿ ಈಸ್ ಬೆಟರ್’ ಎಂಬುದರಲ್ಲಿ ಸ್ವಲ್ಪ ಮೇಲು, ಪೂರ್ತಿ ಗುಣ ಎರಡು ಅರ್ಥವೂ ಇವೆ. ಮಾತಿಗೆ ಸಾಕು, ದಾಖಲೆಗೆ ಸಾಲದು.

ಬಲೆಯಂಥ ಪದ ‘ಪ್ರೋಗ್ರೆಸ್’. ಮಗು, ಕಾಮಗಾರಿ, ಮಾತುಕತೆ ಪ್ರೋಗ್ರೆಸ್ ಆದರೆ ಸಂತೋಷ. ‘ದಿ ಡಿಸೀಸ್ ಹ್ಯಾಸ್ ಪ್ರೋಗ್ರೆಸ್ಡ್’ ಎಂದರೆ ರೋಗ ಉಲ್ಬಣಿಸಿದೆ ಎಂದು. ‘ಅಡ್ವಾನ್ಸ್ಡ್’ ಕೂಡ ಹಾಗೆಯೇ, ಅಡ್ವಾನ್ಸ್ಡ್ ಯಂತ್ರ ಒಳ್ಳೆಯದು, ಅಡ್ವಾನ್ಸ್ಡ್ ಕ್ಯಾನ್ಸರ್ ಅಲ್ಲ. ಎರಡೂ ಮುಂದಕ್ಕೆ ಸಾಗಿದ್ದನ್ನು ಹೇಳುತ್ತವೆ, ಸಾಗಿದ್ದು ಯಾವುದು ಎಂಬುದರ ಮೇಲೆ ಒಳಿತು ಕೆಡುಕು ನಿಂತಿದೆ. ಜೊತೆಗೆ ‘ಪ್ರೋಗ್ರೆಸ್’ ಎಣಿಕೆಗೆ ಸಿಗದ ನಾಮಪದ. ‘ಎ ಗುಡ್ ಪ್ರೋಗ್ರೆಸ್’ ಎನ್ನುವಂತಿಲ್ಲ, ‘ಗುಡ್ ಪ್ರೋಗ್ರೆಸ್’ ಎನ್ನಬೇಕು, ಬಹುವಚನವೂ ಇಲ್ಲ. ‘ಇಂಪ್ರೂವ್‌ಮೆಂಟ್’ಗೆ ಆ ಕಟ್ಟು ಇಲ್ಲ, ‘ಎನ್ ಇಂಪ್ರೂವ್‌ಮೆಂಟ್’, ‘ಇಂಪ್ರೂವ್‌ಮೆಂಟ್ಸ್’ ಎರಡೂ ನಡೆಯುತ್ತವೆ.

ಅಂಕಿ ಬಂದ ಕೂಡಲೇ ‘ಇಂಪ್ರೂವ್’ ಕೈಬಿಡಿ. ಅದು ತೀರ್ಪು ಹೇಳುವ ಪದ, ಎಣಿಸುವ ಪದವಲ್ಲ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ನೀರಿನ ಮಟ್ಟ ‘ರೋಸ್’ ಆಗಿ 130 ಅಡಿ ದಾಟಿತು, ಇಂಪ್ರೂವ್ ಆಗಲಿಲ್ಲ. ಹಿನ್ನೀರಿನಲ್ಲಿ ತೋಟ ಮುಳುಗಿಸಿಕೊಂಡವರಿಗೆ ಅದು ಸುಧಾರಣೆಯಲ್ಲ. ‘ಡ್ರಾಪ್‌ಔಟ್ ರೇಟ್ ಇಂಪ್ರೂವ್ಡ್’ ಎಂದು ಬರೆದರೆ ಶಾಲೆ ಬಿಟ್ಟವರು ಹೆಚ್ಚಾದರೋ ಕಡಿಮೆಯಾದರೋ ಓದುವವರು ಊಹಿಸಬೇಕು. ‘ಫೆಲ್ ಫ್ರಮ್ 8 ಪರ್ಸೆಂಟ್ ಟು 5 ಪರ್ಸೆಂಟ್’ ಎಂದರೆ ಮುಗಿಯಿತು. ‘ರೈಸ್’ ತಾನೇ ಏರುವುದು, ಅದರ ರೂಪಗಳು ರೋಸ್, ರಿಸನ್. ‘ರೇಸ್’ ಯಾರೋ ಏರಿಸುವುದು, ರೇಸ್ಡ್. ‘ವಿ ರೋಸ್ ದಿ ವೇಜಸ್’ ತಪ್ಪು.

‘ಇಂಪ್ರೂವ್‌ಮೆಂಟ್’ ಆದ ಮೇಲೆ ಯಾವ ಪ್ರಿಪೊಸಿಷನ್ ಬರಬೇಕು? ಯಾವ ವಿಷಯದಲ್ಲಿ ಎನ್ನುವುದಕ್ಕೆ ‘ಇನ್’: ‘ಇಂಪ್ರೂವ್‌ಮೆಂಟ್ ಇನ್ ಅಟೆಂಡೆನ್ಸ್’. ಕೈಯಿಂದ ಬದಲಾಯಿಸಿದ ವಸ್ತುವಿಗೆ ‘ಟು’: ‘ಇಂಪ್ರೂವ್‌ಮೆಂಟ್ಸ್ ಟು ದಿ ಸ್ಕೂಲ್ ಬಿಲ್ಡಿಂಗ್’. ಹಿಂದಿನದಕ್ಕೆ ಹೋಲಿಸುವಾಗ ‘ಆನ್’ ಅಥವಾ ‘ಓವರ್’: ‘ಎನ್ ಇಂಪ್ರೂವ್‌ಮೆಂಟ್ ಆನ್ ಲಾಸ್ಟ್ ಇಯರ್’. ಎಷ್ಟು ಎಂಬುದಕ್ಕೆ ‘ಆಫ್’. ‘ಮೋರ್ ಬೆಟರ್’, ‘ಇಂಪ್ರೂವ್ ಬೆಟರ್’ ಎಂದು ಎರಡೆರಡು ಸಲ ಏರಿಸುವುದು ಬೇಡ. ‘ಡ್ರಾಸ್ಟಿಕಲಿ ಇಂಪ್ರೂವ್ಡ್’ ಕೇಳಿಬರುತ್ತದೆ, ಆದರೆ ‘ಡ್ರಾಸ್ಟಿಕ್’ನಲ್ಲಿ ಕಠೋರತೆಯ ಛಾಯೆ ಇದೆ, ‘ಮಾರ್ಕೆಡ್‌ಲಿ’ ಒಳ್ಳೆಯದು. ‘ಸಿಗ್ನಿಫಿಕೆಂಟ್’ ಪದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಪ್ರತ್ಯೇಕ ಅರ್ಥ ಇರುವುದರಿಂದ ಆ ಶಾಸ್ತ್ರದ ಪರೀಕ್ಷೆ ನಡೆಸದೆ ಅಂಕಿ ಪಕ್ಕ ಅದನ್ನು ಕೂರಿಸಬೇಡಿ.

ಅನುಮಾನ ಬಂದಾಗ ಇಂಗ್ಲಿಷ್–ಕನ್ನಡ ನಿಘಂಟು ಸಾಲದು. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ತೆರೆಯಿರಿ. ಅರ್ಥ ಓದುವುದಕ್ಕೆ ಮೊದಲು ಕ್ರಿಯಾಪದದ ಪಕ್ಕದ ಗುರುತು ನೋಡಿ, ಸಕರ್ಮಕವೋ ಅಕರ್ಮಕವೋ ಎರಡೂವೋ. ಆಮೇಲೆ ಉದಾಹರಣೆ ವಾಕ್ಯಗಳಲ್ಲಿ ಕ್ರಿಯಾಪದದ ಮುಂದೆ ಯಾವ ನಾಮಪದಗಳು ಬಂದಿವೆ ಎಂದು ಪಟ್ಟಿ ಮಾಡಿಕೊಳ್ಳಿ. ನಿಮ್ಮ ನಾಮಪದ ಆ ಬಳಗಕ್ಕೆ ಸೇರದಿದ್ದರೆ ಪದ ಬದಲಿಸಿ.

ಈಗ ನಿಮ್ಮ ವಾಕ್ಯಗಳು. ಮೊದಲನೆಯದು ‘ದಿ ಸ್ಟೂಡೆಂಟ್ಸ್ ಇಂಗ್ಲಿಷ್ ಹ್ಯಾಸ್ ಇಂಪ್ರೂವ್ಡ್’ ಆಗಬೇಕು. ಓದುವುದರಲ್ಲೋ ಮಾತಿನಲ್ಲೋ ಎಂದು ಸೇರಿಸಿದರೆ ಇನ್ನೂ ಗಟ್ಟಿ. ಬಹುವಚನ ಆದ್ದರಿಂದ ಅಪಾಸ್ಟ್ರಫಿ ‘ಎಸ್’ ಆದ ಮೇಲೆ ಬರಲಿ. ಎರಡನೆಯದಕ್ಕೆ, ಮೂರು ಹಳ್ಳಿಗಳಲ್ಲಿ ಈಗ ದಿನಾ ನೀರು ಬರುತ್ತಿದ್ದರೆ ‘ವಿ ಸಾಲ್ವ್ಡ್ ದಿ ವಾಟರ್ ಪ್ರಾಬ್ಲಮ್’; ಬೇಸಿಗೆಯಲ್ಲಿ ಇನ್ನೂ ಟ್ಯಾಂಕರ್ ಬರುತ್ತಿದ್ದರೆ ‘ಈಸ್ಡ್’ ಎನ್ನಿ; ‘ಇಂಪ್ರೂವ್’ ಉಳಿಸಿಕೊಳ್ಳಲೇಬೇಕೆಂದರೆ ಅದರ ಮುಂದೆ ‘ವಾಟರ್ ಸಪ್ಲೈ’ ಹಾಕಿ. ಮೂರನೆಯದರಲ್ಲಿ ‘ಡೆವಲಪ್ಡ್’ ಹೊಡೆದು ಹಾಕಿ, ಎಷ್ಟು ಹೂಳು ತೆಗೆದಿರಿ, ಏರಿ ಎಷ್ಟು ಉದ್ದ ಗಟ್ಟಿ ಮಾಡಿದಿರಿ ಎಂದು ಬರೆಯಿರಿ. ಹೂಳಿನ ಲೆಕ್ಕ ಟ್ರಾಕ್ಟರ್ ಲೋಡಿನಲ್ಲಿದ್ದರೆ ಘನ ಮೀಟರಿಗೆ ತಿರುಗಿಸಿ, ಏಕೆಂದರೆ ಟ್ರೇಲರಿನ ಅಳತೆ ಊರಿಗೊಂದು. ‘ಟ್ಯಾಂಕ್’ ಪದವನ್ನು ಹೊರದೇಶದವರು ಸಿಂಟೆಕ್ಸ್ ಥರದ ತೊಟ್ಟಿ ಎಂದುಕೊಳ್ಳಬಹುದು, ಮೊದಲ ಸಲ ‘ಇರಿಗೇಷನ್ ಟ್ಯಾಂಕ್’ ಎಂದಿರಲಿ.

ನಾಲ್ಕನೆಯದರಲ್ಲಿ ಪದಕ್ಕಿಂತ ಲೆಕ್ಕದ ತಪ್ಪು ದೊಡ್ಡದು. 60ರಿಂದ 72ಕ್ಕೆ ಏರಿದ್ದು 12 ‘ಪರ್ಸೆಂಟೇಜ್ ಪಾಯಿಂಟ್ಸ್’. 60ರ ಮೇಲೆ 12 ಎಂದರೆ ಶೇ 20 ಏರಿಕೆ. ‘ಬೈ 12 ಪರ್ಸೆಂಟ್’ ಎಂದರೆ 60ರ ಶೇ 12, ಅಂದರೆ 67.2ಕ್ಕೆ ಬಂದಿದೆ ಎಂದಾಗುತ್ತದೆ. ನಿಮ್ಮ ಸಾಧನೆಯನ್ನು ನೀವೇ ಕಡಿಮೆ ತೋರಿಸಿದಿರಿ. ‘ದಿ ಪಾಸ್ ರೇಟ್ ರೋಸ್ ಫ್ರಮ್ 60 ಪರ್ಸೆಂಟ್ ಟು 72 ಪರ್ಸೆಂಟ್’ ಎಂದು ಎರಡೂ ಅಂಕಿ ಕೊಟ್ಟುಬಿಡಿ. ಪರೀಕ್ಷೆಗೆ ಕೂತ ಮಕ್ಕಳ ಸಂಖ್ಯೆಯೂ ಜೊತೆಗಿರಲಿ. 25 ಮಕ್ಕಳ ತರಗತಿಯಲ್ಲಿ ಮೂವರು ಹೆಚ್ಚಿಗೆ ಪಾಸಾದರೂ 12 ಪಾಯಿಂಟ್ ಏರುತ್ತದೆ.

ಐದನೆಯದು ಈಗಿರುವಂತೆ ಓದಿದರೆ ಹೆಂಗಸರಲ್ಲಿ ರಕ್ತಹೀನತೆ ಚೆನ್ನಾಗಿ ಮುಂದುವರಿಯುತ್ತಿದೆ ಎಂದೇ ಅರ್ಥ. ಒಬ್ಬೊಬ್ಬರ ಹಿಮೋಗ್ಲೋಬಿನ್ ಎರಡು ಸಲ ಅಳೆದಿದ್ದರೆ ‘ಹಿಮೋಗ್ಲೋಬಿನ್ ಲೆವೆಲ್ಸ್ ಹ್ಯಾವ್ ರಿಸನ್’ ಎಂದು ಬರೆದು ಮೊದಲ ಮತ್ತು ಈಗಿನ ಸರಾಸರಿ ಕೊಡಿ. ಎಷ್ಟು ಜನ ರಕ್ತಹೀನರು ಎಂಬ ಎಣಿಕೆ ಮಾತ್ರ ಇದ್ದರೆ ‘ಫ್ಯೂಯರ್ ವಿಮೆನ್ ಆರ್ ಅನೀಮಿಕ್’ ಎನ್ನಿ. ಆಗ ಗಡಿ ಯಾವುದು ಎಂದೂ ಹೇಳಬೇಕಾಗುತ್ತದೆ. ಗರ್ಭಿಣಿಯರಲ್ಲದವರಿಗೆ ಡೆಸಿಲೀಟರಿಗೆ 12 ಗ್ರಾಂ, ಗರ್ಭಿಣಿಯರಿಗೆ 11 ಗ್ರಾಂ, ಅದಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. ಎರಡು ಗುಂಪನ್ನೂ ಒಂದೇ ಸಾಲಿನಲ್ಲಿ ಬೆರೆಸಿದ್ದರೆ, ಪದ ಸರಿಪಡಿಸುವ ಮೊದಲು ಆ ಎಣಿಕೆಯನ್ನು ಬೇರ್ಪಡಿಸಿ.